ಸ್ಕಾಟ್‌ಲ್ಯಾಂಡಿನಲ್ಲಿ ನಡೆಯದ ಆಣೆ

ಬೆಂಗಳೂರು ಏರ್‌ಪೋರ್ಟು

ವಿಮಾನ ಹತ್ತೋಕೆ ಮುಂಚೆ ನನ್ನ ಕೈಯಿಂದ ಕಿತ್ಕೊಂಡಿದ್ದು ಕೊಬ್ಬರಿ. ಹನ್ನೆರಡು ಉಂಡೆ, ನಮ್ಮ ಅಟ್ಟದ ಮೇಲೇ ಒಣಗಿದ್ದು. ಬೇರೆ ದೇಶಕ್ಕೆ ಬರಿಗೈಲಿ ಹೋಗಬಾರದು ಅಂತ ಸೀರೆ ಮಧ್ಯೆ ಸುತ್ತಿ ಪೆಟ್ಟಿಗೆಗೆ ಇಟ್ಟಿದ್ದೆ. ಪೆಟ್ಟಿಗೆ ಮೆಷಿನ್ನೊಳಗೆ ಹೋಯ್ತು, ಈಚೆ ಬರಲಿಲ್ಲ. ಯೂನಿಫಾರಂ ಹಾಕಿದ್ದ ಒಬ್ಬಳು ನನ್ನನ್ನ ಕರೆದು ಬೀಗ ತೆಗೆಸಿದಳು.

“ಅಜ್ಜಿ, ಕೊಬ್ಬರಿ ಬಿಡಲ್ಲ. ಎಣ್ಣೆ ಇರುತ್ತೆ, ಬೆಂಕಿ ಹತ್ಕೊಳ್ಳುತ್ತೆ.”

“ಹತ್ಕೊಳ್ಳೋ ಹಂಗಿದ್ರೆ ನಮ್ಮನೆ ಯಾವತ್ತೋ ಬೂದಿ ಆಗ್ಬೇಕಿತ್ತು ಕಣವ್ವ. ವರ್ಷದ ತನಕ ಅಟ್ಟದ ಮೇಲಿರುತ್ತೆ, ಕೆಳಗೆ ಒಲೆ ಉರೀತಿರುತ್ತೆ.”

“ರೂಲ್ಸು ಅಜ್ಜಿ.”

“ಯಾವೂರು ನಿಂದು?”

“ಕಡೂರು.”

“ಕಡೂರಿನವಳಾಗಿ ಕೊಬ್ಬರಿಗೆ ಹೆದರ್ತೀಯಲ್ಲ” ಅಂದೆ. ಅವಳು ನಕ್ಕಳು. ನಕ್ಕೊಂಡೇ ಹನ್ನೆರಡನ್ನೂ ತೆಗೆದು ಪಕ್ಕದ ಡಬ್ಬಕ್ಕೆ ಹಾಕಿದಳು. ಹಿಂದೆ ನಿಂತಿದ್ದ ನನ್ನ ಮಗ ರಂಗ ಹಣೆ ಚಚ್ಚಿಕೊಂಡ. “ಬ್ಯಾಡ ಅಂತ ಬಡ್ಕೊಂಡೆ ಕಣವ್ವ ನಾನು.”

ಒಳಗೆ ಹೋದರೆ ದೊಡ್ಡ ಅಂಗಡಿ. ಗೋಡೆ ತುಂಬ ವಿಸ್ಕಿ, ಬ್ರಾಂದಿ, ರಮ್ಮು. ಕಡ್ಡಿ ಗೀರಿದರೆ ಭಗ್ ಅನ್ನೋ ಸರಕು. ಅದನ್ನ ವಿಮಾನದೊಳಕ್ಕೆ ಹೊತ್ಕೊಂಡು ಹೋಗಬಹುದಂತೆ. ರಂಗ ಆ ಅಂಗಡಿ ದಾಟೋವಾಗ ಅತ್ತ ಕಡೆ ತಿರುಗಲಿಲ್ಲ. ಅದನ್ನ ನೋಡಿಕೊಂಡೆ. ನಾನು ಹೊರಟಿದ್ದೇ ಅದನ್ನ ನೋಡಿಕೊಳ್ಳೋಕೆ.

ರಂಗಂದು ತುರುವೇಕೆರೆಯಲ್ಲಿ ಒಂದು ಬಾರು. ಸರಕು ಚೆನ್ನಾಗಿ ಮಾರಿದ್ದಕ್ಕೆ ಒಂದು ಕಂಪನಿಯವರು ಮನೆಯ ನಾಲ್ಕು ಜನಕ್ಕೆ ಸ್ಕಾಟ್‌ಲ್ಯಾಂಡಿಗೆ ಟಿಕೆಟ್ಟು ಕೊಟ್ಟರು. ವಿಸ್ಕಿ ಹುಟ್ಟೋ ಜಾಗ ತೋರಿಸ್ತಾರೆ ಅಂತ. ರಂಗ, ಅವನ ಹೆಂಡತಿ ಶೋಭ, ಕಾಲೇಜಿಗೆ ಹೋಗೋ ಮೊಮ್ಮಗಳು ಚೈತ್ರ, ಮೂವರು ಆಯ್ತು. ನಾಲ್ಕನೇ ಸೀಟಿಗೆ ಅವನು ಭಾವಮೈದನನ್ನ ಕರೆಯೋನಿದ್ದ. ಆ ಸೀಟು ನನಗೆ ಬೇಕು ಅಂದೆ.

“ಅಲ್ಲಿ ಚಳಿ ಕಣವ್ವ. ನಿನ್ನ ಮಂಡಿ ಕೇಳ್ಬೇಕಲ್ಲ.”

“ನನ್ನ ಮಂಡಿ ನಾನು ನೋಡ್ಕೋತೀನಿ. ನಿನ್ನ ಲಿವರು ಯಾರು ನೋಡ್ಕೋತಾರೆ?”

ಅಲ್ಲಿಗೆ ಮಾತು ಮುಗೀತು. ಭಾವಮೈದ ಊರಲ್ಲೇ ಉಳಿದ.

ವಿಮಾನದೊಳಗೆ

ಲಿವರಿನ ವಿಷಯ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಿನದು ತಿಳಿಯಲ್ಲ.

ಹೋದ ವರ್ಷ ಮಾಗಿ ಚಳಿಯಲ್ಲಿ ರಂಗ ರಕ್ತ ಕಾರಿದ. ಹಾಸನದ ಡಾಕ್ಟರು ಎಲ್ಲ ನೋಡಿ, “ಲಿವರು ಗಟ್ಟಿಯಾಗಿದೆ. ಕುಡಿಯೋದು ಇವತ್ತಿಗೆ ನಿಲ್ಲಬೇಕು. ಇನ್ನೊಂದು ಸಲ ರಕ್ತ ಬಂದರೆ ಆ ಗಳಿಗೆನೇ ಕರ್ಕೊಂಡು ಬನ್ನಿ, ತಡ ಮಾಡಿದರೆ ನನ್ನ ಕೈಲೂ ಆಗಲ್ಲ” ಅಂದರು. ಇವರಪ್ಪನೂ ಹಂಗೇ ಹೋಗಿದ್ದು. ಅವನಿಗೆ ಡಾಕ್ಟರೂ ಸಿಗಲಿಲ್ಲ.

ಅದಕ್ಕೆ ನಮ್ಮೂರ ಅಮ್ಮನ ಗುಡಿಗೆ ಕರ್ಕೊಂಡು ಹೋಗಿ ಆಣೆ ಮಾಡಿಸಿದೆ. ನಮ್ಮ ಕಡೆ ಬರೀ ಬಾಯಲ್ಲಿ ಹೇಳಿದರೆ ಆಣೆ ಆಗಲ್ಲ. ಕರ್ಪೂರ ಹಚ್ಚಿ, ಮಾತು ಹೇಳಿ, ಅಂಗೈಯಿಂದ ಅದನ್ನ ಆರಿಸಬೇಕು. ಮಾತು ತಪ್ಪಿದರೆ ಮನೆ ದೀಪ ಹಂಗೇ ಆರುತ್ತೆ ಅಂತ. ಮಾತು ಏನಿರಬೇಕು ಅಂತ ಪೂಜಾರಿ ನನ್ನನ್ನೇ ಕೇಳಿದ. “ಅಮ್ಮನ ಸೀಮೆ ಒಳಗೆ ಹನಿ ಮುಟ್ಟಲ್ಲ ಅಂತ ಹೇಳ್ಸಪ್ಪ” ಅಂದೆ. ಆಣೆ ಹಾಕಿಸೋರೆಲ್ಲ ಹಂಗೇ ಅನ್ನೋದು. ಅಮ್ಮನ ಕಣ್ಣು ಎಲ್ಲೀತನಕ ಓಡುತ್ತೋ ಅಲ್ಲೀತನಕ ಆಣೆ ನಡೆಯೋದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಮೂರು ತಾಲ್ಲೂಕಲ್ಲೂ ಅಮ್ಮನ ಒಕ್ಕಲು ಇದಾರೆ. ಅಷ್ಟು ಸಾಕು ಅಂದ್ಕೊಂಡೆ. ಬಾರು ಬಿಟ್ಟು ಇವನು ಇನ್ನೆಲ್ಲಿಗೆ ಹೋಗ್ತಾನೆ?

ಒಂದು ವರ್ಷಕ್ಕೂ ಮೇಲೆ ರಂಗ ಹನಿ ಮುಟ್ಟಲಿಲ್ಲ. ದಿನಾ ಊರಿಗೆಲ್ಲ ಸುರಿದು ಕೊಡೋನು, ಬೆರಳು ನೆಕ್ಕಲಿಲ್ಲ. ಮೈ ಸ್ವಲ್ಪ ಕೈಗೆ ಬಂತು. ಆಮೇಲೆ ಈ ಟಿಕೆಟ್ಟು ಬಂತು.

ವಿಮಾನದಲ್ಲಿ ತುಟಿಗೆ ಬಣ್ಣ ಹಚ್ಚಿದ್ದವಳು ಗಾಡಿ ತಳ್ಳಿಕೊಂಡು ಬಂದಳು. ಮೇಲೆ ಸೀಸೆಗಳು. ಎಲ್ಲ ಪುಕ್ಕಟೆ. ನಮ್ಮ ಜೊತೆ ಬಂದಿದ್ದ ಬೇರೆ ಊರಿನ ಬಾರಿನವರು ಎರಡೆರಡು ಇಸ್ಕೊಂಡರು. ರಂಗ ಕಿತ್ತಲೆ ಜ್ಯೂಸು ಅಂದ. ಗಾಡಿ ಮುಂದೆ ಹೋದ ಮೇಲೂ ಅದನ್ನೇ ನೋಡ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ ನಕ್ಕ.

“ಅವ್ವ, ಕೆಳಗೆ ಸಮುದ್ರ ಕಣವ್ವ. ಇದು ಯಾವ ಅಮ್ಮನ ಸೀಮೆ?”

ಕಿಟಕಿ ಪಕ್ಕ ಕೂತಿದ್ದ ಶೋಭ ಇವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕಿಟಕಿಗೆ ತಿರುಗಿಕೊಂಡಳು.

“ಪಕ್ಕದಲ್ಲಿ ನಾನು ಕೂತಿದೀನಲ್ಲ, ಇದೇ ಸೀಮೆ. ಕುಡಿ ಜ್ಯೂಸು” ಅಂದೆ.

ಎಡಿನ್‌ಬರೋ

ಊರೆಲ್ಲ ಕಲ್ಲು. ಮಳೆಯಲ್ಲಿ ನೆಂದ ಕಪ್ಪು ಕಲ್ಲು. ನಮ್ಮಲ್ಲಿ ವೈಶಾಖದ ಬಿಸಿಲು ಹೊಡೀತಿರುವಾಗ ಅಲ್ಲಿ ಎರಡು ಸ್ವೆಟರ್ ಹಾಕಿದರೂ ಹಲ್ಲು ಕಡೀಬೇಕು. ಹೊತ್ತು ಮುಳುಗೋದೇ ಇಲ್ಲ. ಊಟ ಮುಗಿಸಿ ಮಲಗೋ ಹೊತ್ತಿಗೂ ಕಿಟಕಿಯಲ್ಲಿ ಬೆಳಕು. ಕೋಳಿ ಯಾವಾಗ ಗೂಡು ಸೇರಬೇಕು ಅಂತ ಯೋಚನೆ ಬಂತು ನನಗೆ.

ಮೊದಲನೇ ಬೆಳಗ್ಗೆನೇ ಒಂದು ತಪ್ಪು ಮಾಡಿದೆ. ರೂಮಿನಲ್ಲಿ ಟೀಗೆ ನೀರು ಕಾಯಿಸೋ ಒಂದು ಕೆಟ್ಲು ಇಟ್ಟಿದ್ದರು. ಅದರಲ್ಲಿ ರಾಗಿ ಹಿಟ್ಟು ಕದಡಿ ಅಂಬಲಿ ಕಾಯಿಸೋಕೆ ಹೋದೆ. ತಳ ಹಿಡಿದು, ಉಕ್ಕಿ, ಮೇಜೆಲ್ಲ ಆಯ್ತು. ರೂಮು ಗುಡಿಸೋ ಹೆಂಗಸು ಬಂದು ಕೆಟ್ಲೊಳಗೆ ಇಣುಕಿ ನೋಡಿ ಮೂಸಿದಳು. ಚೈತ್ರ ನಾಚಿಕೊಂಡು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಆ ಹೆಂಗಸು ನಗಾಡ್ತಾ ನನ್ನ ಭುಜ ತಟ್ಟಿ ಹೋಗಿ ಬೇರೆ ಕೆಟ್ಲು ತಂದಳು.

“ಏನಂದ್ಲೇ?”

“ಅವರಜ್ಜಿನೂ ಹಿಂಗೇ ಗಂಜಿ ಕಾಯಿಸ್ತಿದ್ರಂತೆ ಅಜ್ಜಿ. ಆದ್ರೆ ಕೆಟ್ಲಲ್ಲಿ ಅಲ್ವಂತೆ.”

ಮಧ್ಯಾಹ್ನ ಊಟಕ್ಕೆ ಅಂತ ಒಂದು ಕಡೆ ಕರ್ಕೊಂಡು ಹೋದರು. ಒಳಗೆ ಕೂತ ಮೇಲೆ ಗೊತ್ತಾಗಿದ್ದು ಅದು ಬಾರು ಅಂತ. ನನ್ನ ಮಗನ ಬಾರಿನೊಳಗೆ ನಾನು ಇವತ್ತಿಗೂ ಕಾಲಿಟ್ಟಿಲ್ಲ. ಅಲ್ಲಿ ಪ್ಲೈವುಡ್ಡಿನ ಗೂಡುಗಳು, ಒಬ್ಬರ ಮುಖ ಒಬ್ಬರಿಗೆ ಕಾಣಬಾರದು. ಬರೋರು ಹಿಂದಿನ ಬಾಗಿಲಲ್ಲಿ ಬರ್ತಾರೆ, ಹೋಗೋರು ಕರೀ ಕವರಲ್ಲಿ ಸುತ್ಕೊಂಡು ಹೋಗ್ತಾರೆ. ಇಲ್ಲಿ ನೋಡಿದರೆ ಗಾಜಿನ ಕಿಟಕಿ, ರಸ್ತೆಯವರಿಗೆಲ್ಲ ಕಾಣೋ ಹಂಗೆ ಕೂತಿದಾರೆ. ಒಂದು ಮೇಜಿನಲ್ಲಿ ಅಪ್ಪ ಅಮ್ಮ ಮಕ್ಕಳು ಆಲೂಗಡ್ಡೆ ತಿನ್ಕೊಂಡು. ಒಂದು ಮೇಜಿನಲ್ಲಿ ನನ್ನ ವಯಸ್ಸಿನವಳು ಉಲ್ಲನ್ ಹೆಣೀತಾ, ಪಕ್ಕದಲ್ಲಿ ಬಿಯರು. ಮೇಜಿನ ಕೆಳಗೆ ಅವಳ ನಾಯಿ ಮಲಗಿದೆ. ಯಾರೂ ಓಡಿಸಲ್ಲ. ನಾಯಿಗೂ ಒಂದು ಬಟ್ಟಲು ನೀರು ತಂದಿಟ್ಟರು.

ನಮ್ಮ ಪಕ್ಕದ ಮೇಜಿನಲ್ಲಿ ಒಬ್ಬ ಮುದುಕ ಪೇಪರ್ ಓದ್ತಿದ್ದ. ಮುಂದೆ ಒಂದು ಲೋಟ. ನಾವು ಊಟ ತರಿಸಿ, ತಿಂದು, ಕೈ ತೊಳೆದು ಎದ್ದರೂ ಆ ಲೋಟ ಅರ್ಧ ಇಳಿದಿರಲಿಲ್ಲ.

“ನೋಡವ್ವ” ಅಂದ ರಂಗ. “ಹಿಂಗೆ ಕುಡಿದ್ರೆ ಯಾವ ಲಿವರಿಗೆ ಏನಾಗುತ್ತೆ?”

“ಹಿಂಗೆ ಕುಡಿಯೋಕೆ ನಿನಗೆ ಬರಲ್ಲ ಕಣಪ್ಪ. ನಿಮ್ಮಪ್ಪನಿಗೂ ಬರಲಿಲ್ಲ.”

ಶೋಭ ಮೊದಲನೇ ಸಲ ಬಾಯಿ ಬಿಟ್ಟಳು. “ರೀ, ಈ ಮುದುಕನ್ನ ನೋಡಿದ್ರಿ. ಬೆಳಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಒಬ್ಬ ಕುಡಿದು ಬಿದ್ದಿದ್ದನಲ್ಲ, ಒಂದು ಕಾಲಲ್ಲಿ ಬೂಟಿರಲಿಲ್ಲ, ಅವನ್ನ ನೋಡಲಿಲ್ವಾ?”

“ಊಟ ಆದ ತಕ್ಷಣ ಅದೆಲ್ಲ ಯಾಕೆ ಎತ್ತೀಯ ಬುಡು” ಅಂದ ರಂಗ.

ಅವನು ನಿಜವಾಗಿಯೂ ನೋಡಿರಲಿಲ್ಲ ಅಂತ ಕಾಣುತ್ತೆ. ಒಂದು ಬೀದಿಯಲ್ಲಿ ನಾಲ್ಕು ಜನ ಹೋದರೆ ನಾಲ್ಕು ಜನಕ್ಕೂ ಕಾಣೋದು ಬೇರೆ.

ಬಿಯರು ಮಾಡೋ ಲಾಯ

ಎರಡನೇ ದಿನ ಊರಾಚೆ ಒಂದು ಹಳೇ ಕುದುರೆ ಲಾಯಕ್ಕೆ ಹೋದೆವು. ಈಗ ಅಲ್ಲಿ ಬಿಯರು ಮಾಡ್ತಾರೆ. ದೊಡ್ಡ ಫ್ಯಾಕ್ಟರಿ ಏನಲ್ಲ. ಕೆಂಪು ಗಡ್ಡದವನೊಬ್ಬ, ಅವನ ಹೆಂಡತಿ, ನಾಲ್ಕು ಸ್ಟೀಲ್ ಹಂಡೆ, ಅಷ್ಟೇ. ಹೊರಗಿನ ಸರಕು ತರಲ್ಲ, ತಾವೇ ಕೈಯಾರೆ ಮಾಡಿ ತಾವೇ ಮಾರೋದು. ಒಂದೊಂದು ಹಂಡೆಯದೂ ಒಂದೊಂದು ರುಚಿ ಅಂತೆ.

ಒಳಗೆ ಕಾಲಿಟ್ಟ ತಕ್ಷಣ ನನ್ನ ಮೂಗು ಅರಳಿತು. ಮೊಳಕೆ ಬಂದ ಧಾನ್ಯ ಹುರಿದ ವಾಸನೆ. ನಮ್ಮ ರಾಗಿ ಹುರಿಹಿಟ್ಟಿನ ವಾಸನೆ. ಅದರ ಹಿಂದೆ ಇನ್ನೊಂದು, ಹುಳಿ ಏರ್ತಾ ಇರೋದರ ವಾಸನೆ. ಅದನ್ನ ನಾನು ಇಪ್ಪತ್ತು ವರ್ಷದಿಂದ ಮೂಸಿರಲಿಲ್ಲ.

ನಮ್ಮದು ಹೆಂಡದ ಮನೆ. ನನ್ನ ಗಂಡ ಈಚಲು ಮರ ಹತ್ತೋನು, ನಾನು ಇಳಿಸಿದ್ದನ್ನ ನೋಡಿಕೊಳ್ಳೋಳು. ಆಮೇಲೆ ಸರ್ಕಾರ ಹೆಂಡ ನಿಲ್ಲಿಸ್ತು. ಮರ ಹಂಗೇ ನಿಂತವು, ನಾವು ತೆಂಗಿನಕಾಯಿ ಸುಲಿಯೋ ಕೂಲಿಗೆ ಹೋದೆವು. ರಂಗ ಯಾರದೋ ಬಾರಿನಲ್ಲಿ ಲೋಟ ತೊಳೆಯೋಕೆ ಸೇರಿ ಹಿಂಗೆ ಮೇಲೆ ಬಂದ.

ಚೈತ್ರ ಇದನ್ನೆಲ್ಲ ಆ ಕೆಂಪು ಗಡ್ಡದವನಿಗೆ ಹೇಳಿಬಿಟ್ಟಳು. ಅವನು ಬಾರಿನವರನ್ನೆಲ್ಲ ಹೆಂಡತಿ ಕೈಗೆ ಬಿಟ್ಟು ನನ್ನ ಹತ್ರ ಬಂದು, ಬಗ್ಗಿ ಏನೋ ಕೇಳಿದ.

“ಏನೇ ಅಂತಾನೆ?”

“ಮರದ ಹೆಂಡ ಎಷ್ಟು ಹೊತ್ತಿಗೆ ಸರಿಹೋಯ್ತು ಅಂತ ಹೆಂಗೆ ಗೊತ್ತಾಗುತ್ತೆ ಅಂತ ಕೇಳ್ತಿದಾರೆ ಅಜ್ಜಿ. ಅವರು ಮೆಷಿನ್ ಇಟ್ಟು ನೋಡ್ತಾರಂತೆ.”

ನನ್ನ ಕೆಲಸದ ಬಗ್ಗೆ ಒಬ್ಬ ಮನುಷ್ಯ ನನ್ನನ್ನ ಕೇಳಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಊರಲ್ಲಿ ನನ್ನನ್ನ ಹೆಂಡದ ಲಕ್ಕಿ ಅಂತಿದ್ದರು, ಗುಡಿ ಜಗಲಿ ಮೇಲೆ ಕೂರಿಸ್ತಿರಲಿಲ್ಲ. ನಾನು ಒಂದು ಹಂಡೆ ತೋರಿಸಿದೆ. ಅವನು ಮುಚ್ಚಳ ತೆಗೆದ. ಕಿವಿ ಇಟ್ಟೆ. ಒಳಗೆ ಸಣ್ಣಗೆ ಚುರುಗುಟ್ಟೋ ಸದ್ದು ಇನ್ನೂ ಇತ್ತು. ಅವನು ಒಂದು ಲೋಟದಲ್ಲಿ ಹಿಡಿದುಕೊಟ್ಟ, ಬೆರಳಲ್ಲಿ ಅದ್ದಿ ಉಜ್ಜಿದೆ. ಅಂಟು ಹೋಗಿರಲಿಲ್ಲ.

“ಇದಕ್ಕೆ ಇನ್ನೊಂದು ದಿನ ಬೇಕು ಅನ್ನು. ಸಿಹಿ ಇನ್ನೂ ಸತ್ತಿಲ್ಲ.”

ಚೈತ್ರ ಹೇಳಿದಳು. ಅವನು ಹೆಂಡತಿಯನ್ನ ಕೂಗಿ ಕರೆದ, ಗೋಡೆ ಮೇಲೆ ಬರೆದಿದ್ದ ಪಟ್ಟಿ ತೋರಿಸಿದ. ಆ ಹಂಡೆ ಮಾರನೇ ದಿನ ಇಳಿಸೋದು ಅಂತಲೇ ಬರೆದಿತ್ತಂತೆ. ಎಲ್ಲರೂ ಚಪ್ಪಾಳೆ ಹೊಡೆದರು. ಬೇರೆ ಊರಿನ ಬಾರಿನವರು, ಅವರ ಹೆಂಡತಿಯರು, ಎಲ್ಲರೂ. ನನಗೆ ಹೆಮ್ಮೆ ಆಯ್ತು. ಸುಳ್ಳು ಯಾಕೆ ಹೇಳಲಿ, ತಲೆಗೆ ಹತ್ತುವಷ್ಟು ಆಯ್ತು.

ಅವನು ತಯಾರಾದ ಹಂಡೆಯಿಂದ ಒಂದು ಲೋಟ ತುಂಬಿ ಕೊಟ್ಟ. ಮೋಡದ ಬಣ್ಣ, ಮೇಲೆ ಬೆರಳುದ್ದ ನೊರೆ. ಕುಡಿದೆ. ಹೊತ್ತೇರಿದ ಮೇಲೆ ಹತ್ತು ಗಂಟೆಗೆ ನಮ್ಮ ಹೆಂಡ ಹೆಂಗಿರ್ತಿತ್ತೋ ಹಂಗೆ, ಸಿಹಿ ಇಳಿದು ಹುಳಿ ಇನ್ನೂ ಪೂರ್ತಿ ಏರದೆ ಇರೋ ಹೊತ್ತಿನದು. ಇನ್ನೊಂದು ಗುಟುಕು ಕುಡಿದೆ. ಚೆನ್ನಾಗಿತ್ತು. ಇಂಥದ್ದನ್ನ ಇನ್ನೊಂದು ಸಲ ಕುಡಿದು ಸಾಯ್ತೀನಿ ಅಂತ ನಾನು ಅಂದ್ಕೊಂಡಿರಲಿಲ್ಲ.

ಈಗ ಮುಖ್ಯದ್ದು ಹೇಳ್ತೀನಿ. ಹೆಂಡದ ಕೆಲಸದಲ್ಲಿ ನಮ್ಮದೊಂದು ಪದ್ಧತಿ. ಗಡಿಗೆ ಅಂಗಡಿಗೆ ಹೋಗೋ ಮುಂಚೆ ಎರಡು ನಾಲಿಗೆ ಒಪ್ಪಬೇಕು. ಒಂದೇ ನಾಲಿಗೆಯನ್ನ ನಂಬೋ ಹಂಗಿಲ್ಲ, ಜ್ವರ ಬಂದಿರುತ್ತೆ, ಖಾರ ತಿಂದಿರುತ್ತೆ. ನಾನು ಎರಡು ಗುಟುಕು ಕುಡಿದು ಅದೇ ಲೋಟ ಗಂಡನಿಗೆ ಕೊಡ್ತಿದ್ದೆ. ಅವನು ಕುಡಿದು ತಲೆ ಆಡಿಸಿದರೆ ಗಡಿಗೆ ಹೊರಡೋದು. ಆಮೇಲಾಮೇಲೆ ಅವನು ಬೆಳಗ್ಗೆನೇ ಮೈಮೇಲೆ ಪ್ರಜ್ಞೆ ಇಲ್ಲದೆ ಬಿದ್ದಿರ್ತಿದ್ದ. ಆಗ ಆ ಲೋಟ ರಂಗನಿಗೆ ಕೊಡೋಕೆ ಶುರು ಮಾಡಿದೆ. ಅವನಿಗೆ ಹನ್ನೆರಡು ವರ್ಷ. ಒಳ್ಳೇ ನಾಲಿಗೆ ಅವನದು, ಅಪ್ಪನಿಗಿಂತ ಚುರುಕು.

ಆ ಲಾಯದಲ್ಲಿ ಎರಡು ಗುಟುಕು ಕುಡಿದೆ. ಕೈ ತಾನಾಗೇ ಪಕ್ಕಕ್ಕೆ ಹೋಯ್ತು. ಪಕ್ಕದಲ್ಲಿ ರಂಗ ನಿಂತಿದ್ದ. “ನೋಡು, ಸರಿಯಾಗಿದ್ಯಾ” ಅಂದೆ.

ಅಂದಮೇಲೆ ತಿಳೀತು ಏನಂದೆ ಅಂತ. ಅಷ್ಟರಲ್ಲಿ ಲೋಟ ಅವನ ಕೈಲಿತ್ತು. ಅವನು ನನ್ನ ಮುಖ ನೋಡಿದ. ವಾಪಸ್ ಕಿತ್ಕೋಬಹುದಿತ್ತು. ಸುತ್ತ ಜನ, ಚಪ್ಪಾಳೆ, ಎಲ್ಲರೂ ನಗ್ತಾ ನಿಂತಿದಾರೆ. ಕಿತ್ಕೊಳ್ಳಲಿಲ್ಲ.

ಅವನು ಕುಡಿದು ತಲೆ ಆಡಿಸಿದ. “ಸರಿಯಾಗೈತೆ ಕಣವ್ವ.”

ಚೈತ್ರ ಅದನ್ನ ಫೋನಿನಲ್ಲಿ ಫೋಟೋ ಹಿಡಿದಳು. ಶೋಭ ಬಾಗಿಲ ಹತ್ರ ನಿಂತಿದ್ದಳು. ಹೊರಗೆ ಹೋಗಿ ಮಳೆಯಲ್ಲೇ ಬಸ್ಸು ಹತ್ತಿ ಕೂತಳು.

ವಿಸ್ಕಿ ಊರು

ಮಾರನೇ ದಿನ ಬಸ್ಸಿನಲ್ಲಿ ಉತ್ತರಕ್ಕೆ ಅರ್ಧ ದಿನ. ಗುಡ್ಡ, ಕುರಿ, ಮತ್ತೆ ಗುಡ್ಡ. ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಗುಡ್ಡಗಳಿಗೆ ಹಸಿರು ಬಳಿದ ಹಂಗೆ. ಕುರಿಗೆ ಕಾಯೋರಿಲ್ಲ, ಬೆನ್ನಿಗೆ ನೀಲಿ ಬಣ್ಣ ಬಳಿದು ಬಿಟ್ಟಿದಾರೆ. ಶೋಭ ನನ್ನ ಪಕ್ಕ ಕೂರಲಿಲ್ಲ. ಮುಂದಿನ ಸೀಟಿನಲ್ಲಿ ಚೈತ್ರನ ಜೊತೆ ಕೂತಳು. ನನ್ನ ಪಕ್ಕ ರಂಗ.

“ಇನ್ನು ಮುಟ್ಟಬೇಡ” ಅಂದೆ. “ನಿನ್ನೆ ನನ್ನ ಕೈ ತಪ್ಪು ಮಾಡ್ತು.”

“ಆಣೆ ಇರೋದು ಸೀಮೆ ಒಳಗೆ ಕಣವ್ವ. ಆ ಮಾತು ಹೇಳ್ಸಿದ್ದು ನೀನೇ. ನಾನು ತಪ್ಪಿಲ್ಲ. ಊರಿಗೆ ಹೋದ್ರೆ ಮತ್ತೆ ಮುಟ್ಟಲ್ಲ. ಇದೊಂದು ವಾರ ಬುಡು.”

“ಲಿವರಿಗೆ ಸೀಮೆ ಗೊತ್ತಾಗುತ್ತೇನೋ?”

ಅವನು ಕಿಟಕಿಯಾಚೆ ಕುರಿ ನೋಡ್ತಾ ಕೂತ.

ವಿಸ್ಕಿ ಮಾಡೋ ಕಡೆ ತಾಮ್ರದ ಹಂಡೆಗಳು, ನಮ್ಮ ಮದುವೆ ಮನೆ ಹಂಡೆಗೆ ಉದ್ದ ಕತ್ತು ಬಂದ ಹಂಗೆ. ಅದನ್ನ ನೋಡಿ ಮುಗಿಸಿ ಪೀಪಾಯಿ ಇಡೋ ಕತ್ತಲೆ ಗೋದಾಮಿಗೆ ಹೋದೆವು. ಅದರ ಹೊರಗೋಡೆ ಪೂರ್ತಿ ಕಪ್ಪು, ಪಕ್ಕದ ಮರಗಳ ಬೊಡ್ಡೆಯೂ ಕಪ್ಪು. ಬೆಂಕಿ ಬಿದ್ದಿತ್ತಾ ಅಂತ ಕೇಳಿಸಿದೆ. ಅಲ್ಲವಂತೆ. ಪೀಪಾಯಿಯೊಳಗಿಂದ ವರ್ಷಾವರ್ಷ ಒಂದಿಷ್ಟು ಆವಿಯಾಗಿ ಹೋಗುತ್ತಂತೆ. ಅದು ದೇವತೆಗಳ ಪಾಲು ಅಂತಾರಂತೆ. ಆ ಆವಿ ಕುಡ್ಕೊಂಡು ಒಂದು ಥರ ಬೂಸ್ಟು ಬೆಳೆಯುತ್ತೆ, ಅದೇ ಈ ಕಪ್ಪು.

ಇದನ್ನ ಹೇಳಿದವಳು ನನ್ನಷ್ಟೇ ವಯಸ್ಸಿನ ಹೆಂಗಸು. ಕೆಂಪು ಕೋಟು, ಗಟ್ಟಿ ಬೂಟು. ಆ ಗೋದಾಮಿನಲ್ಲೇ ಹುಡುಗಿಯಾಗಿದ್ದಾಗಿನಿಂದ ಕೆಲಸವಂತೆ. ನಾನು ಚೈತ್ರನ ಕೈಲಿ ಕೇಳಿಸಿದೆ, ನಿನ್ನ ಯಜಮಾನ ಏನು ಮಾಡ್ತಾರೆ ಅಂತ. ಪೀಪಾಯಿ ರಿಪೇರಿ ಮಾಡ್ತಿದ್ದ, ಹೋದ ಅಂದಳು. ಏನಾಗಿತ್ತು ಅಂದೆ. ಅವಳು ಬೆರಳಲ್ಲಿ ಗೋಡೆ ಕಡೆ ತೋರಿಸಿದಳು, ಆ ಕಪ್ಪಿನ ಕಡೆ. ನಮ್ಮನೆಯವನೂ ಕುಡಿದೇ ಹೋಗಿದ್ದು ಅಂತ ಹೇಳಿಸಿದೆ. ಆಮೇಲೆ ಅವಳು ಕೆಲಸ ನೆನಪಾಗಿ ಸಣ್ಣ ಸಣ್ಣ ಲೋಟ ಜೋಡಿಸಿ ಎಲ್ಲರಿಗೂ ಸುರಿದಳು. ಕುಡಿಯೋ ಮುಂಚೆ ಒಂದು ಮಾತು ಹೇಳಬೇಕಂತೆ, ಅವರ ಹಳೇ ಭಾಷೆಯದು. ಆರೋಗ್ಯ ಅಂತ ಅದರ ಅರ್ಥ. ನನ್ನ ಮಗ ಅದನ್ನ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ.

ಅವತ್ತು ಸಂಜೆಯಿಂದ ರಂಗ ನನ್ನನ್ನ ಬಿಡಲಿಲ್ಲ. ಹೋಟೆಲಿನ ಕೆಳಗೆ ಒಲೆ ಇತ್ತು, ಕಟ್ಟಿಗೆಯದು. ಅದರ ಮುಂದೆ ಎರಡು ಕುರ್ಚಿ. ಅವನ ಕೈಲಿ ಒಂದು ಲೋಟ, ನನ್ನ ಕೈಲಿ ಆ ಮೋಡದ ಬಣ್ಣದ ಬಿಯರು. ಹೌದು, ನಾನೂ ತಗೊಂಡೆ. ಇನ್ನು ನನ್ನ ಕೈಲಿ ಲೋಟ ಇದ್ದರೇನು ಇಲ್ಲದಿದ್ದರೇನು ಅನ್ನಿಸಿತ್ತು. ಅವನು ಮಾತಾಡಿದ. ಮದುವೆಯಾದ ಮೇಲೆ ಅವನು ನನ್ನ ಹತ್ರ ಆಡಿದ ಮಾತು ಅಂದರೆ, ಮಾತ್ರೆ ತಗೊಂಡ್ಯಾ, ಬತ್ತೀನಿ, ಬಾಗಿಲು ಹಾಕ್ಕೊ. ಅಷ್ಟೇ. ಅವತ್ತು ಅವನು ಚಿಕ್ಕವನಾಗಿದ್ದಾಗ ಅರಳಗುಪ್ಪೆ ಕೆರೆಯಲ್ಲಿ ಮುಳುಗೋಕೆ ಹೋಗಿದ್ದು ಹೇಳಿದ, ನನಗೆ ಗೊತ್ತೇ ಇರಲಿಲ್ಲ. ಶೋಭನ್ನ ನೋಡೋಕೆ ಹೋದ ದಿನ ಅವನ ಅಂಗಿ ಸಾಲದ್ದಾಗಿತ್ತು ಅಂತ ಹೇಳಿದ. ಅಪ್ಪ ಸತ್ತ ದಿನ ಅಳು ಬರಲಿಲ್ಲ ಅಂತ ಹೇಳಿದ. “ನೀನೂ ಅಳಲಿಲ್ಲ ಕಣವ್ವ, ನಾನು ನೋಡ್ದೆ” ಅಂದ. ಹೌದು ಅಂದೆ.

“ನಮ್ಮವ್ವನ ಜೊತೆ ಹಿಂಗೆ ಕೂರ್ತೀನಿ ಅಂತ ಕನಸಲ್ಲೂ ಅಂದ್ಕೊಂಡಿರಲಿಲ್ಲ” ಅಂದ.

ನಾನೂ ಅಂದ್ಕೊಂಡಿರಲಿಲ್ಲ. ನನಗೆ ಸಂತೋಷ ಆಗಿತ್ತು. ಅವನು ಇನ್ನೊಂದು ತರಿಸಿದ, ಮತ್ತೊಂದು ತರಿಸಿದ. ಸಾಕು ಅಂದರೆ ಮಾತು ನಿಂತುಹೋಗುತ್ತೆ ಅಂತ ಗೊತ್ತಿತ್ತು ನನಗೆ. ಸಾಕು ಅನ್ನಲಿಲ್ಲ.

ಮೂರು ದಿನ ಹಿಂಗೇ. ನದಿ ನೋಡಿದೆವು, ಹಾಳು ಕೋಟೆ ನೋಡಿದೆವು, ಗಂಡಸರು ಲಂಗ ಹಾಕ್ಕೊಂಡು ಊದೋ ವಾದ್ಯ ಕೇಳಿದೆವು, ನಮ್ಮ ಓಲಗದ ಶ್ರುತಿ ಎಳೆದ ಹಂಗಿತ್ತು. ಅದೆಲ್ಲ ಸರಿಯಾಗಿ ನೆನಪಿಲ್ಲ ನನಗೆ. ಸಂಜೆ ಆಗೋದನ್ನೇ ಕಾಯ್ತಿದ್ದೆ. ರಂಗನೂ ಕಾಯ್ತಿದ್ದ.

ಒಂದು ದಿನ ಮೆಟ್ಟಿಲ ಹತ್ರ ಶೋಭ ನನ್ನನ್ನ ತಡೆದಳು.

“ಅತ್ತೆ, ನೀವು ಬರ್ತೀರ ಅಂತ ನನಗೆ ಧೈರ್ಯ ಇತ್ತು. ನಿಮ್ಮ ಸೀಟಲ್ಲಿ ನನ್ನ ತಮ್ಮ ಬಂದಿದ್ರೂ ಇಷ್ಟು ಕುಡೀತಿರಲಿಲ್ಲ ಇವ್ರು.”

ಪಕ್ಕಕ್ಕೆ ಸರಿದೆ, ಅವಳು ಹತ್ತಿ ಹೋದಳು.

ಕೊನೇ ಬೆಳಗ್ಗೆ

ಹೊರಡೋ ದಿನ ಬೆಳಗ್ಗೆ ಶೋಭ, ಚೈತ್ರ ತಿಂಡಿಗೆ ಇಳಿದಿದ್ದರು. ನಾನು ಪೆಟ್ಟಿಗೆ ಕಟ್ತ ಇದ್ದೆ. ರಂಗ ನಾನೂ ಚೈತ್ರನೂ ಇದ್ದ ರೂಮಿನ ಬಾಗಿಲು ತಟ್ಟಿದ. ಮುಖ ಸುಣ್ಣದ ಹಂಗಿತ್ತು. ನೇರ ನಮ್ಮ ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡ. ನಲ್ಲಿ ಬಿಟ್ಟ ಸದ್ದು, ಅದರ ಹಿಂದೆ ಇನ್ನೊಂದು ಸದ್ದು. ಆ ಸದ್ದು ನನಗೆ ಹೊಸದಲ್ಲ.

ಬಾಗಿಲು ತೆಗೆಸಿ ನೋಡಿದೆ. ಬಿಳೀ ಬೇಸಿನ್ನು. ತುಂಬ ಏನಿಲ್ಲ, ಒಂದು ಬೊಗಸೆ. ಕಾಫಿ ಗಸಿಯ ಹಂಗೆ ಕಪ್ಪಗೆ, ಮಧ್ಯ ಮಧ್ಯ ಕೆಂಪಗೆ.

ಅವನು ನೆಲದ ಮೇಲೆ ಕೂತಿದ್ದ. “ಶೋಭಂಗೆ ಹೇಳ್ಬೇಡ ಕಣವ್ವ.”

“ಡಾಕ್ಟರು ಆ ಗಳಿಗೆನೇ ಅಂದಿದ್ರು.”

“ಇಲ್ಲಿ ಆಸ್ಪತ್ರೆ ಅಂದ್ರೆ ವಿಮಾನ ತಪ್ಪುತ್ತೆ, ಇವರೆಲ್ಲರ ಮುಂದೆ ಮಾನ ಹೋಗುತ್ತೆ. ಊರಿಗೆ ಹೋದ ದಿನಾನೇ ಹಾಸನಕ್ಕೆ ಹೋಗ್ತೀನಿ. ನೀನೇ ಬಾ ಜೊತೆಗೆ. ನಿನ್ನ ಬಿಟ್ಟು ಇನ್ಯಾರಿಗೆ ಹೇಳ್ಲಿ ನಾನು? ನಾವಿಬ್ರೂ ಒಂದು ಅಲ್ವಾ?”

ಐವತ್ತು ವರ್ಷದ ಗಂಡಸು, ನನ್ನ ಸೀರೆ ಸೆರಗು ಹಿಡ್ಕೊಂಡಿದ್ದ.

ಅಷ್ಟರಲ್ಲಿ ಹೊರಗೆ ಶೋಭನ ದನಿ. “ಅತ್ತೆ, ಇವ್ರು ಎಲ್ಲಿ, ರೂಮಲ್ಲಿ ಇಲ್ಲ. ಇಲ್ಲಿಗೇನಾದ್ರೂ ಬಂದ್ರಾ?”

ನಾನು ಬಚ್ಚಲ ಬಾಗಿಲು ಮುಂದೆ ಮಾಡಿದೆ. ನಲ್ಲಿ ಜೋರಾಗಿ ತಿರುಗಿಸಿ ಬೇಸಿನ್ನು ಕೈಯಿಂದಲೇ ತೊಳೆದೆ. ಆ ಬಿಳಿ ಮೇಲೆ ಬೇಗ ಹೋಗಲ್ಲ, ಎರಡು ಸಲ ಉಜ್ಜಬೇಕಾಯ್ತು.

“ಇಲ್ಲಿಲ್ಲ ಕಣವ್ವ” ಅಂದೆ. “ಕೆಳಗೆ ಬಸ್ಸಿನ ಹತ್ರ ಹೋಗಿರ್ಬೇಕು, ನೋಡು.”

ಅವಳು ಇಳಿದು ಹೋಗೋ ಹೆಜ್ಜೆ ಸದ್ದು ಮುಗಿಯೋ ತನಕ ಇಬ್ಬರೂ ಅಲ್ಲಾಡಲಿಲ್ಲ.

ಮನೆ

ಬಂದು ಹದಿನೇಳು ದಿನ ಆಯ್ತು. ಹಾಸನಕ್ಕೆ ಹೋಗಿಲ್ಲ. ನಾಳೆ ಅಂದ, ಸೋಮವಾರ ಅಂದ, ಸ್ಟಾಕು ಬರೋದಿದೆ ಅಂದ. ರಕ್ತ ಮತ್ತೆ ಬಂತಾ ಅಂದರೆ ಇಲ್ಲ ಅಂತಾನೆ. ಅಂಗಿಯ ತೋಳು ಯಾಕೆ ತಾನೇ ಒಗೀತಾನೋ ಗೊತ್ತಿಲ್ಲ.

ಊರಲ್ಲಿ ಮಾತ್ರ ಮುಟ್ಟಲ್ಲ. ಆಣೆ ಗಟ್ಟಿಯಾಗಿ ನಡೆಸ್ತಾನೆ. ಎರಡು ದಿನಕ್ಕೊಂದು ಸಲ ಗಾಡಿ ತಗೊಂಡು ತಿಪಟೂರು ದಾಟಿ ಅರಸೀಕೆರೆಗೆ ಹೋಗ್ತಾನೆ. ಅಲ್ಲಿ ಅಮ್ಮನ ಒಕ್ಕಲಿಲ್ಲ. ಹೋಗೋವಾಗ, “ಬಾರವ್ವ, ಕೂತು ಮಾತಾಡಿ ಬರೋಣ” ಅಂತ ನನ್ನನ್ನೂ ಕರೀತಾನೆ. ಎರಡು ಸಲ ಹೋದೆ. ಅದನ್ನೂ ಬರೆದಿಡ್ತೀನಿ.

ಶೋಭಂಗೆ ಹೇಳಬೇಕು ಅಂತ ದಿನಾ ಅಡುಗೆಮನೆ ಬಾಗಿಲಿಗೆ ಬರ್ತೀನಿ. ಅವಳು ನನ್ನ ಹತ್ರ ಮಾತಾಡಲ್ಲ. ತಟ್ಟೆ ಇಟ್ಟು ಹೋಗ್ತಾಳೆ. ಮಾತಾಡಿದರೂ ನನ್ನ ಬಾಯಿಂದ ಆ ಬೇಸಿನ್ನಿನ ವಿಷಯ ಬರಲ್ಲ. ರಂಗ ಎದುರಿಗೆ ಬಂದು ಅವ್ವ ಅಂತಾನೆ, ನಿಂತುಹೋಗುತ್ತೆ.

ನಮ್ಮ ಮಹಿಳಾ ಸಂಘದವರು ವರ್ಷಕ್ಕೊಂದು ಪುಸ್ತಕ ತರ್ತಾರೆ. ಪರದೇಶ ನೋಡಿ ಬಂದಿದೀರ, ಅಲ್ಲಿಯದು ಬರ್ಕೊಡಿ ಲಕ್ಕಮ್ಮ, ಓದೋರಿಗೆ ಖುಷಿಯಾಗುತ್ತೆ ಅಂದರು. ಅಕ್ಷರ ನಾನು ಕಲಿತಿದ್ದು ರಾತ್ರಿ ಶಾಲೆಯಲ್ಲಿ, ಮುದುಕಿಯಾದ ಮೇಲೆ. ಒತ್ತು, ದೀರ್ಘ ಸರಿಯಾಗಿ ಬರಲ್ಲ. ನಾನು ಏನು ಬರೆದರೂ ತಿದ್ದಿ ಬೇರೆ ಹಾಳೆಗೆ ಇಳಿಸೋದು ಶೋಭ. ಮಾತು ಬಿಟ್ಟಿದ್ದರೂ ನಿನ್ನೆ, “ಬರೆದಾಗಿದ್ರೆ ಕೊಡಿ” ಅಂತ ಕೈ ಚಾಚಿದಳು. ಇನ್ನೆರಡು ಪುಟ ಇದೆ ಅಂದೆ.

ಈ ಪುಟಕ್ಕೆ ಬರೆಯೋದು ಮುಗೀತು. ರಂಗ ಬಾರಿಗೆ ಹೋದ. ಅವಳು ಹಿತ್ಲಲ್ಲಿ ಬಟ್ಟೆ ಒಣಗಾಕ್ತಿದಾಳೆ. ಒಳಗೆ ಬಂದ ತಕ್ಷಣ ಇದನ್ನ ಅವಳ ಕೈಗೆ ಕೊಡ್ತೀನಿ. ಕೊಟ್ಟು, ಅವಳು ಓದಿ ಮುಗಿಸೋ ತನಕ ಅಲ್ಲೇ ಎದುರಿಗೆ ಕೂರ್ತೀನಿ.